ಏರಿನಲ್ಲಿ ನಿಲ್ಲುವ ವ್ಯಾನು

ಉಚ್ಚಿಲದ ಸರಸಕ್ಕನ ಮೀನಿನ ವ್ಯಾನು ಹಾಳಾಗುವುದರಲ್ಲಿಯೂ ಒಂದು ಶಿಸ್ತು ಇಟ್ಟುಕೊಂಡಿತ್ತು. ಬೆಳಕು ಹರಿಯುವ ಮೊದಲು ಮಲ್ಪೆ ಬಂದರಿನಲ್ಲಿ ಬಂಗುಡೆ, ಬೂತಾಯಿ ತುಂಬಿಸಿಕೊಂಡು ಉಡುಪಿ ಪೇಟೆ ದಾಟುವಾಗ ಅದಕ್ಕೆ ಯಾವ ಕಾಯಿಲೆಯೂ ಇರುತ್ತಿರಲಿಲ್ಲ. ಮಣಿಪಾಲದ ಏರಿನಲ್ಲಿ ಸ್ವಲ್ಪ ಏದುಸಿರು ಬಿಟ್ಟರೂ ಸುಧಾರಿಸಿಕೊಳ್ಳುತ್ತಿತ್ತು. ಹಿರಿಯಡ್ಕ ಕಳೆದು ಕಾರ್ಕಳದ ಕಡೆಗೆ ಹೋಗುವ ಉದ್ದನೆಯ ಏರಿನ ನಡುಮಧ್ಯಕ್ಕೆ ಬಂದಾಗ ಮಾತ್ರ ಮೀಟರಿನ ಮುಳ್ಳು ಕೆಂಪು ಗೆರೆಗೆ ಹೋಗಿ ಅಂಟಿಕೊಳ್ಳುತ್ತಿತ್ತು, ಮುಂದಿನ ಜಾಲರಿಯಿಂದ ಹಬೆ ಏಳುತ್ತಿತ್ತು, ವ್ಯಾನು ನಿಲ್ಲುತ್ತಿತ್ತು. ಕಾರ್ಕಳದ ಮನೆಗಳಲ್ಲಿ ಅರೆದಿಟ್ಟ ಮಸಾಲೆ ಮೀನಿಗಾಗಿ ಕಾಯುತ್ತಾ ಕೂರುತ್ತಿತ್ತು.

ಮಳೆಗಾಲ ಮುಗಿದಂದಿನಿಂದ ಇದೇ ಕಥೆ. ವ್ಯಾನು ಓಡಿಸುವವನು ಸರಸಕ್ಕನ ಮಗ ಜಿತೇಂದ್ರ. ಅವನು ಒಸರುತ್ತಿದ್ದ ರಬ್ಬರ್ ಪೈಪು ಬದಲಾಯಿಸಿದ, ರೇಡಿಯೇಟರಿನ ಮುಚ್ಚಳ ಬದಲಾಯಿಸಿದ. ಕಡೆಗೆ ಒಂದು ಗ್ಯಾರೇಜಿನವರಿಗೆ ತೋರಿಸಿದಾಗ ಅವರು ಒಳಗೆ ಸರಿಯಾಗಿ ನೋಡದೆ ಕೂಡ, ಇಂಜಿನ್ನಿನ ಹೆಡ್ಡೇ ಹೋಗಿದೆ, ಇಷ್ಟು ಹಳೆಯ ವ್ಯಾನಿಗೆ ಇನ್ನು ಖರ್ಚು ಮಾಡುವುದು ವ್ಯರ್ಥ ಎಂದು ಕೈಯೊರೆಸಿಕೊಂಡರು. ಜಿತೇಂದ್ರನಿಗೆ ಅಷ್ಟೇ ಬೇಕಿತ್ತು. ಮಣಿಪಾಲದ ಒಂದು ಹಾಸ್ಟೆಲಿನ ಮೆಸ್ಸಿಗೆ ತರಕಾರಿ ಸಾಗಿಸುವ ಟೆಂಪೋಗೆ ಡ್ರೈವರ್ ಬೇಕಾಗಿದ್ದಾನೆ ಎಂದು ಯಾರೋ ಹೇಳಿದ್ದರು. ಅವನು ಪಡುಬಿದ್ರಿಯ ಗುಜರಿಯವರೊಂದಿಗೂ ಮಾತಾಡಿ ಬಂದ.

ಆ ರಾತ್ರಿ ಗಂಜಿ ಬಡಿಸುತ್ತಿದ್ದ ಸೊಸೆ ಧೃತಿಗೆ ಗಂಡನ ಮುಖ ನೋಡಿಯೇ ಇವತ್ತು ಊಟ ಸುಸೂತ್ರವಾಗಿ ಮುಗಿಯುವುದಿಲ್ಲ ಎಂದು ತಿಳಿಯಿತು. ಒಣ ಸಿಗಡಿ ಚಟ್ನಿ ಬಟ್ಟಲಿನಲ್ಲೇ ಉಳಿಯಿತು. ತಿಂಗಳ ಕೊನೆಗೆ ವ್ಯಾನು ಗುಜರಿಗೆ, ತಾನು ಮಣಿಪಾಲಕ್ಕೆ ಎಂದು ಜಿತೇಂದ್ರ ತಲೆಯೆತ್ತದೆ ಹೇಳಿಬಿಟ್ಟ.

"ಮತ್ತೆ ನಾನು?" ಎಂದಳು ಸರಸಕ್ಕ.

"ನೀನು ಮನೆಯಲ್ಲಿ ಕೂತುಕೋ ಅಮ್ಮ. ಎಷ್ಟು ವರ್ಷ ಅಂತ ಮೀನು ಮಾರುವುದು?"

ಸರಸಕ್ಕ ಕೈಯಲ್ಲಿದ್ದ ತುತ್ತನ್ನು ಬಟ್ಟಲಿಗೆ ಇಳಿಸಿದಳು. ವ್ಯಾನು ಇಲ್ಲದ ಕಾಲದಲ್ಲಿ ಅವಳು ತಲೆಯ ಮೇಲೆ ಬುಟ್ಟಿ ಹೊತ್ತು, ನೀರು ಸೋರುತ್ತದೆ ಎಂದು ಬಸ್ಸಿನವರಿಂದ ಬೈಸಿಕೊಂಡು ಅದೇ ದಾರಿಯಲ್ಲಿ ಹೋದವಳು. ಆ ಮನೆಗಳ ಹೆಣ್ಣುಮಕ್ಕಳ ಮದುವೆ, ಬಾಣಂತನ ಎಲ್ಲ ಅವಳಿಗೆ ಗೊತ್ತು. ಯಾರ ಮನೆಗೆ ಮುಳ್ಳು ಕಡಿಮೆಯ ಮೀನು ಬೇಕು, ಯಾವ ಅಜ್ಜಿಗೆ ಕಾಣೆ ಮೀನು ಎಂದರೆ ಜೀವ ಎನ್ನುವುದು ಕೇಳಬೇಕಾಗಿಲ್ಲ. ಮನೆಯಲ್ಲಿ ಕೂರುವುದು ಎಂದರೆ ಆ ಊರುಗಳೆಲ್ಲ ಅವಳ ಪಾಲಿಗೆ ಇಲ್ಲವಾಗುವುದು ಎಂದು ಧೃತಿಗೆ ಅರ್ಥವಾಯಿತು. ಮಗನಿಗೆ ಅರ್ಥವಾಗಲಿಲ್ಲ, ಅಥವಾ ಆಗಿಯೂ ಆಗದವನಂತೆ ಗಂಜಿ ಕುಡಿದ.

ಮೂಲೆಯಲ್ಲಿ ಮೊಣಕಾಲಿಗೆ ಎಣ್ಣೆ ತಿಕ್ಕುತ್ತಾ ಕೂತಿದ್ದ ಮಾವ ಅಂಗಾರಣ್ಣ ಆಗ ಗಂಟಲು ಸರಿಮಾಡಿಕೊಂಡರು. ಅವರು ಬೋಟಿನ ಇಂಜಿನ್ ನೋಡಿಕೊಂಡು ಆಯುಸ್ಸು ಕಳೆದವರು. ಮೊಣಕಾಲು ಕೈಕೊಟ್ಟ ಮೇಲೆ ಮನೆ ಸೇರಿದವರು. ಹೆಡ್ಡು ಹೋಗಿದ್ದರೆ ಹೊಗೆ ಬೆಳ್ಳಗೆ ಬರಬೇಕು, ಆಯಿಲು ಹಾಲಿನ ಹಾಗೆ ಆಗಬೇಕು, ಎರಡೂ ಆಗಲಿಲ್ಲವಲ್ಲ ಎಂದರು. ಜಿತೇಂದ್ರ, ಅದು ಬೋಟು, ಇದು ವ್ಯಾನು ಎಂದ. ಇಂಜಿನ್ನಿಗೆ ಅದು ಗೊತ್ತಿಲ್ಲ ಎಂದರು ಅಂಗಾರಣ್ಣ. ಅಪ್ಪ ಮಗ ಹೀಗೆ ಶುರುಮಾಡಿದರೆ ಪಾತ್ರೆ ತೊಳೆದು ಮುಗಿದರೂ ಮುಗಿಯುವುದಿಲ್ಲ. ಧೃತಿಯೇ ನಡುವೆ ಬಾಯಿ ಹಾಕಿ, ತಿಂಗಳ ಕೊನೆಯವರೆಗೆ ಹೇಗೂ ಸಮಯ ಉಂಟಲ್ಲ, ಅಷ್ಟರಲ್ಲಿ ಅದಕ್ಕೆ ಎಂತ ಆಗಿದೆ ಎಂದು ನಾವೇ ನೋಡುವ ಎಂದಳು. ಅವಳು ಮದುವೆಗೆ ಮೊದಲು ಕಾಪುವಿನಲ್ಲಿ ಡ್ರೈವಿಂಗ್ ಕಲಿತು ಲೈಸೆನ್ಸ್ ತೆಗೆದವಳು. ಈ ಮನೆಗೆ ಬಂದ ಮೇಲೆ ಅದು ಬೀರುವಿನಲ್ಲಿ ಸೀರೆಗಳ ಅಡಿಯಲ್ಲಿ ಸುಖವಾಗಿತ್ತು.

"ಏರು ಹತ್ತಿದರೆ ಇಟ್ಟುಕೊಳ್ಳುವ. ಹತ್ತದಿದ್ದರೆ ಗುಜರಿ. ಮತ್ತೆ ಯಾರೂ ಮಾತಾಡ್ಲಿಕ್ಕಿಲ್ಲ," ಎಂದ ಜಿತೇಂದ್ರ.

ಮರುದಿನದಿಂದ ಮಧ್ಯಾಹ್ನದ ಊಟದ ನಂತರ ಮಾವ ಸೊಸೆ ವ್ಯಾನಿನ ಹಿಂದೆ ಬಿದ್ದರು. ಅಂಗಾರಣ್ಣ ಸ್ಟೂಲಿನ ಮೇಲೆ ಕೂತು ಹೇಳುವುದು, ಧೃತಿ ಚೂಡಿದಾರದ ತೋಳು ಮಡಚಿ ಮಾಡುವುದು, ಗೊತ್ತಾಗದಿದ್ದರೆ ಮೊಬೈಲಿನಲ್ಲಿ ಯಾರೋ ಮಾಡಿ ಹಾಕಿದ ವಿಡಿಯೋ ನೋಡುವುದು. ಹೊಲಿಯಲು ಕೊಟ್ಟ ರವಿಕೆಗಳಿಗಾಗಿ ಬಂದ ನೆರೆಮನೆಯವರು ಅವಳ ಕೈಯ ಮಸಿ ನೋಡಿ, ನಮ್ಮ ಬಟ್ಟೆ ಮುಟ್ಟಬೇಡ ಮಾರಾಯ್ತಿ ಎಂದು ನಗಾಡಿ ಹೋದರು.

ಮೊದಲ ದಿನ ಮುಂದಿನ ಸೀಟನ್ನು ಎತ್ತಿದಾಗಲೇ ಧೃತಿ ಬೆರಗಾದಳು. ಇಂಜಿನ್ ಇದ್ದದ್ದು ಸೀಟಿನ ಅಡಿಯಲ್ಲಿ. ಮಲ್ಪೆಗೆ, ಆಸ್ಪತ್ರೆಗೆ, ತವರಿಗೆ ಎಂದು ಎಷ್ಟು ಸಲ ಅವಳು ಅದರ ಮೇಲೆ ಕೂತು, ಸೀಟು ಬಿಸಿಯಾಗುತ್ತದೆ ಎಂದು ಗೊಣಗಿದ್ದಳೋ. ಅದೇ ಇಂಜಿನ್ನಿನ ಮೈಯೊಳಗೆ ನೀರು ಹೊಕ್ಕು, ಅಲ್ಲಿನ ಬಿಸಿಯನ್ನೆಲ್ಲ ಹೊತ್ತುಕೊಂಡು, ಉದ್ದದ ಪೈಪಿನಲ್ಲಿ ಮುಂದಿನ ರೇಡಿಯೇಟರಿಗೆ ಹೋಗಿ, ಗಾಳಿಗೆ ತಣಿದು ಪುನಃ ಹಿಂದೆ ಬರುತ್ತದೆ ಎಂದು ಅಂಗಾರಣ್ಣ ಬೆರಳಿನಲ್ಲಿ ದಾರಿ ತೋರಿಸಿದರು. ಒಂದು ನಿಮಿಷವೂ ನಿಲ್ಲಲಿಕ್ಕಿಲ್ಲ. ನಿಂತರೆ ಕಬ್ಬಿಣವೇ ಬಾಗುತ್ತದೆ. ತಾನು ಕೂತು ಪಾಪ್‌ಕಾರ್ನ್ ತಿನ್ನುತ್ತಿದ್ದಾಗ ಕೆಳಗೆ ಇಷ್ಟೆಲ್ಲ ನಡೆಯುತ್ತಿತ್ತಲ್ಲ ಎಂದು ಅವಳಿಗೆ ನಾಚಿಕೆಯೂ ಆಯಿತು, ಭಕ್ತಿಯೂ ಬಂತು.

ಅಂಗಾರಣ್ಣನ ಮೊದಲ ಅನುಮಾನ ಫ್ಯಾನಿನ ಮೇಲೆ. ಅಂಗಳದಲ್ಲಿ ಇಂಜಿನ್ ಚಾಲು ಮಾಡಿ ಬಿಟ್ಟರು. ಬಿಸಿ ಏರಿದ ಕೂಡಲೇ ಫ್ಯಾನು ತನ್ನಷ್ಟಕ್ಕೆ ತಿರುಗಿತು. ಎರಡನೆಯ ಅನುಮಾನ ನೀರು ತಳ್ಳುವ ಪಂಪಿನ ಮೇಲೆ. ಅದೂ ಸುಳ್ಳಾಯಿತು. ರೇಡಿಯೇಟರಿನ ಮುಚ್ಚಳ ತೆರೆದಿಟ್ಟು ನೋಡಿದರೆ ಗುಳ್ಳೆಗಳು ಏಳಲಿಲ್ಲ, ಹಾಗಾಗಿ ಹೆಡ್ಡು ಗಟ್ಟಿ ಇದೆ ಎನ್ನುವುದೊಂದು ಖಾತ್ರಿಯಾಯಿತು. ಇಷ್ಟಾಗುವಾಗ ಒಂದು ವಾರ ಕಳೆದಿತ್ತು. ಈ ನಡುವೆಯೂ ವ್ಯಾನು ದಿನಾ ಹೋಗುತ್ತಿತ್ತು, ಏರಿನಲ್ಲಿ ದಿನಾ ಕುದಿಯುತ್ತಿತ್ತು, ಜಿತೇಂದ್ರ ದಿನಾ ಹುಬ್ಬು ಗಂಟಿಕ್ಕಿಕೊಂಡು ಮನೆಗೆ ಬರುತ್ತಿದ್ದ.

ಇನ್ನು ಉಳಿದದ್ದು ಥರ್ಮೋಸ್ಟಾಟ್ ಎಂಬ ಸಣ್ಣ ಕವಾಟ. ಇಂಜಿನ್ ತಣ್ಣಗಿರುವಾಗ ನೀರನ್ನು ತಡೆದು, ಬಿಸಿಯಾದಾಗ ದಾರಿ ಬಿಡುವುದು ಅದರ ಕೆಲಸ. ಬಿಚ್ಚಿ ಕೈಗೆ ತೆಗೆದುಕೊಂಡರೆ ಅದು ಮಕ್ಕಳ ಬುಗುರಿಯಷ್ಟು ದೊಡ್ಡದೂ ಇರಲಿಲ್ಲ. ಅದನ್ನು ನೀರಿನಲ್ಲಿ ಕುದಿಸಿ ನೋಡಬೇಕು ಎಂದು ಅಂಗಾರಣ್ಣ ಹೇಳಿದಾಗ ಸರಸಕ್ಕ ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತಳು. ಮಸಿ ಮೆತ್ತಿದ ವಸ್ತುವನ್ನು ತನ್ನ ಪಾತ್ರೆಗೆ ಹಾಕುವುದು ಬೇಡ ಎಂದು ಅವಳ ವಾದ. ಕಡೆಗೆ ಮರುವಾಯಿ ಎಂಬ ಚಿಪ್ಪುಮೀನು ಬೇಯಿಸುವ, ತಳ ಸೊಟ್ಟಗಾದ ಹಳೆಯ ಅಲ್ಯೂಮಿನಿಯಂ ಪಾತ್ರೆಯನ್ನು ಕೊಟ್ಟು, ಹೇಗೆ ನಡೆಯುತ್ತದೋ ನೋಡುವ ಎಂದು ತಾನೂ ಬಂದು ನಿಂತಳು.

ಧೃತಿ ಕವಾಟವನ್ನು ದಾರದಲ್ಲಿ ಕಟ್ಟಿ ನೀರಿಗೆ ಇಳಿಬಿಟ್ಟಳು. ಗ್ಯಾಸಿನ ಮೇಲೆ ನೀರು ಬಿಸಿಯಾಗುತ್ತಾ ಬಂತು. ತುಂಬ ಹೊತ್ತು ಏನೂ ಆಗಲಿಲ್ಲ. ಪಾತ್ರೆಯ ತಳದಿಂದ ಸಣ್ಣ ಗುಳ್ಳೆಗಳು ಏಳತೊಡಗಿದವು. ಇನ್ನೇನು ನೀರು ಕುದಿಯಬೇಕು ಎನ್ನುವಾಗ ಕವಾಟದ ನಡುವಿನ ತಟ್ಟೆ ಮೆಲ್ಲನೆ ಅಲುಗಿತು. ಒಂದು ಕೂದಲೆಳೆಯಷ್ಟು ಸಂದು ಕಂಡಿತು. ನೋಡನೋಡುತ್ತಿದ್ದಂತೆ ಅದು ಮರುವಾಯಿಯ ಹಾಗೆ ಬಾಯಿ ತೆರೆಯಿತು. ಯಾರೂ ಮುಟ್ಟಿರಲಿಲ್ಲ, ವಯರು ಇರಲಿಲ್ಲ, ಕರೆಂಟು ಇರಲಿಲ್ಲ. ಧೃತಿ ದಾರ ಎತ್ತಿದಳು. ಗಾಳಿಗೆ ಬಂದ ಕವಾಟ ಸ್ವಲ್ಪ ಹೊತ್ತಿನಲ್ಲಿ ಅಷ್ಟೇ ಮೆಲ್ಲನೆ ಮುಚ್ಚಿಕೊಂಡಿತು.

"ಮರುವಾಯಿ ಒಮ್ಮೆ ಬಾಯಿ ಬಿಟ್ಟರೆ ಮತ್ತೆ ಮುಚ್ಚುವುದಿಲ್ಲ," ಎಂದಳು ಸರಸಕ್ಕ ಪಿಸುದನಿಯಲ್ಲಿ. "ಇದು ಜೀವ ಇದ್ದದ್ದು."

ಇನ್ನೊಮ್ಮೆ ಮಾಡು ಎಂದು ಅವಳೇ ಹೇಳಿದಳು. ಇನ್ನೊಮ್ಮೆ ಮಾಡಿದರು. ಅಕ್ಕಿ ತೊಳೆಯುವುದು ಹಾಗೇ ಉಳಿದು ಅಂದು ರಾತ್ರಿಯ ಊಟ ತಡವಾಯಿತು. ಕವಾಟದಲ್ಲಿ ದೋಷವಿಲ್ಲ ಎಂದರೆ ರೋಗ ಇನ್ನೂ ಸಿಗಲಿಲ್ಲ ಎಂದರ್ಥ. ಆದರೂ ಆ ಸಂಜೆ ಮೂವರಿಗೂ ಬೇಸರ ಆಗಲಿಲ್ಲ. ಜಿತೇಂದ್ರ ಬಂದು, ಇಷ್ಟು ದಿನ ಮಾಡಿ ಕಂಡುಹಿಡಿದದ್ದು ಎಂತ ಎಂದು ಕೇಳಿದಾಗ ಮಾತ್ರ ಮನೆ ಪುನಃ ಬಿಗಿದುಕೊಂಡಿತು. ಅವನಿಗೆ ಮಣಿಪಾಲದಿಂದ ಕರೆ ಬಂದಿತ್ತು.

ಅವನು ಬಸ್ಸಿನಲ್ಲಿ ಮಣಿಪಾಲಕ್ಕೆ ಹೋದ ದಿನ ಮಧ್ಯಾಹ್ನ ಅಂಗಾರಣ್ಣ ಧೃತಿಯಿಂದ ಮುಂದಿನ ಜಾಲರಿ ಬಿಚ್ಚಿಸಿದರು. ಇಂಜಿನ್ ಚೆನ್ನಾಗಿ ಬಿಸಿಯಾಗುವವರೆಗೆ ಓಡಿಸಿ, ಬಂದ್ ಮಾಡಿ, ರೇಡಿಯೇಟರಿನ ಮೈಮೇಲೆ ಅಂಗೈ ಆಡಿಸಿ ನೋಡಲು ಹೇಳಿದರು.

"ಬಿಸಿ ಎಲ್ಲಿಯವರೆಗೆ ಹೋಗುತ್ತದೆ, ಎಲ್ಲಿ ನಿಲ್ಲುತ್ತದೆ, ಅಷ್ಟು ಹೇಳು."

ಧೃತಿ ಕೈ ಸುಡದಂತೆ ತಾಗಿಸಿ ತೆಗೆದು, ತಾಗಿಸಿ ತೆಗೆದು ನೋಡುತ್ತಾ ಬಂದಳು. ಮೇಲ್ಭಾಗ ದೋಸೆಯ ಕಾವಲಿಯ ಹಾಗೆ ಕಾದಿತ್ತು. ಎಡಬದಿಯಲ್ಲಿ ಒಂದು ಪಟ್ಟಿ ಬಿಸಿ. ಅದು ಬಿಟ್ಟರೆ ಕೆಳಗಿನ ಹೆಚ್ಚುಕಡಿಮೆ ಅರ್ಧ ಭಾಗ ತಣ್ಣಗಿತ್ತು. ಕುದಿಯುವ ಇಂಜಿನ್ನಿನ ನೀರು ಬರುವ ಜಾಗ ಅಷ್ಟು ತಣ್ಣಗೆ ಇರಲು ಹೇಗೆ ಸಾಧ್ಯ ಎಂದು ಅವಳಿಗೆ ಮೈ ಜುಮ್ಮೆಂದಿತು. ಅಲ್ಲಿಗೆ ನೀರೇ ಹೋಗುತ್ತಿಲ್ಲ, ಒಳಗಿನ ನಾಳಗಳು ಕಟ್ಟಿವೆ ಎಂದರು ಅಂಗಾರಣ್ಣ. ಸಪಾಟು ರಸ್ತೆಗೆ ಉಳಿದ ಅರ್ಧ ಸಾಕಾಗುತ್ತದೆ. ಭಾರ ಹೊತ್ತು ಏರು ಹತ್ತುವಾಗ ಸಾಕಾಗುವುದಿಲ್ಲ.

ಇಂಜಿನ್ ಆರಿದ ಮೇಲೆ ಕೆಳಗಿನ ಬಿರಡೆ ತೆಗೆದು ನೀರನ್ನು ಬಕೆಟಿಗೆ ಇಳಿಸಿದರು. ಚಹಾದ ಬಣ್ಣದ ನೀರು ಬಂತು. ಜತೆಗೆ ಮಣ್ಣಿನಂಥದ್ದೇನೋ ಬಂತು. ಬಿಸಿಲು ಬಕೆಟಿನೊಳಗೆ ಬಿದ್ದಾಗ ತಳದಲ್ಲಿ ಏನೋ ಫಳಕ್ಕನೆ ಮಿಂಚಿತು. ಧೃತಿ ಬೆರಳದ್ದಿ ತೆಗೆದು ನೋಡಿದಳು. ಮೀನಿನ ಹುರುಪೆ.

ಮಾವ ಸೊಸೆ ಒಬ್ಬರ ಮುಖ ಒಬ್ಬರು ನೋಡಿದರು. ಅಂಗಾರಣ್ಣ ಮುಚ್ಚಳದ ಒಳಬದಿಯಲ್ಲಿ ಕಟ್ಟಿದ್ದ ಬಿಳಿ ಪುಡಿಯನ್ನು ಉಗುರಿನಲ್ಲಿ ಕೆರೆದು ನಾಲಿಗೆಯ ತುದಿಗೆ ಮುಟ್ಟಿಸಿ, ಉಗುಳಿ, ಉಪ್ಪು ಎಂದರು. ಇಬ್ಬರೂ ಒಟ್ಟಿಗೆ ಬಾವಿಕಟ್ಟೆಯ ಕಡೆಗೆ ತಿರುಗಿದರು. ಅಲ್ಲಿ ಸರಸಕ್ಕ ಮೀನಿನ ಪೆಟ್ಟಿಗೆಗಳನ್ನು ತಿಕ್ಕಿ ತೊಳೆಯುತ್ತಿದ್ದಳು.

ಕೇಳಿದಾಗ ಅವಳು ಮುಚ್ಚಿಡಲಿಲ್ಲ, ಮುಚ್ಚಿಡುವಂಥದ್ದು ಅಂತ ಅವಳಿಗೆ ಅನ್ನಿಸಿಯೇ ಇರಲಿಲ್ಲ. ಏರಿನಲ್ಲಿ ವ್ಯಾನು ನಿಂತಾಗ ಜಿತೇಂದ್ರ ಮೇಲಿನ ಅಂಗಡಿಗೆ ಚಹಾ ಕುಡಿಯಲು ಹೋಗುತ್ತಿದ್ದ. ಇಂಜಿನ್ ಆರಿದ ಮೇಲೆ ನೀರು ತುಂಬಿಸುವ ಕೆಲಸ ಅವಳದು. ಪೆಟ್ಟಿಗೆಯಲ್ಲಿ ಮಂಜುಗಡ್ಡೆ ಕರಗಿದ ನೀರು ಬೇಕಾದಷ್ಟು ಇತ್ತು, ತಣ್ಣಗೂ ಇತ್ತು. ಪೈಪು ಒಸರುತ್ತಿದ್ದ ದಿನಗಳಿಂದ ಅದನ್ನೇ ಮೊಗೆದು ಹೊಯ್ಯುತ್ತಿದ್ದಳು.

"ಮೀನಿನ ನೀರನ್ನಾ ಅತ್ತೆ?"

"ನಿನ್ನ ಮಾವನೇ ಹೇಳಿದ್ದಲ್ವಾ. ಕಡಲ ನೀರು ಕುಡಿದೇ ನನ್ನ ಇಂಜಿನ್ ಬದುಕಿದ್ದು ಅಂತ ಇಡೀ ಊರಿಗೆ ಹೇಳುತ್ತಿದ್ದರು. ಬೋಟಿಗೆ ಆಗುವುದು ಇದಕ್ಕೆ ಯಾಕೆ ಆಗಬಾರದು?"

ಅಂಗಾರಣ್ಣ ಸ್ಟೂಲಿನ ಮೇಲೆ ಕುಸಿದಂತೆ ಕೂತರು. ಹೇಳಿದ್ದು ಹೌದು. ಬೋಟಿನ ಇಂಜಿನ್ನು ಕಡಲ ನೀರನ್ನೇ ಎಳೆದುಕೊಳ್ಳುತ್ತದೆ, ಆದರೆ ಆ ಕ್ಷಣವೇ ಹೊರಗೆ ಉಗುಳುತ್ತದೆ. ಉಪ್ಪು ನಿಲ್ಲಲಿಕ್ಕೆ ಪುರುಸೊತ್ತೇ ಇಲ್ಲ. ವ್ಯಾನಿನಲ್ಲಿ ಹೊಕ್ಕ ನೀರು ಹೊರಗೆ ಬರುವುದಿಲ್ಲ, ಅಲ್ಲೇ ಸುತ್ತುತ್ತಾ ಕುದಿದು ಉಪ್ಪು ಬಿಟ್ಟು ಹೋಗುತ್ತದೆ.

"ನಾನು ಅರ್ಧ ಮಾತ್ರ ಹೇಳಿದ್ದೆ," ಎಂದರು ಅವರು. "ಹೊರಗೆ ಹೋಗುವುದನ್ನು ಹೇಳಲೇ ಇಲ್ಲ."

ಧೃತಿಗೆ ಒಂದು ವಿಷಯ ಮಾತ್ರ ಬಗೆಹರಿಯಲಿಲ್ಲ. ಅಲ್ಲಿ ರಸ್ತೆಬದಿಯಲ್ಲೇ ಒಂದು ಮನೆ ಉಂಟಲ್ಲ, ಒಂದು ಕ್ಯಾನು ನೀರು ಕೇಳಬಹುದಿತ್ತಲ್ಲ ಎಂದಳು. ಸರಸಕ್ಕ ಪೆಟ್ಟಿಗೆ ತಿಕ್ಕುವುದನ್ನು ನಿಲ್ಲಿಸಿ, ಇಷ್ಟೂ ಗೊತ್ತಾಗುವುದಿಲ್ಲವಾ ಎಂಬಂತೆ ಸೊಸೆಯನ್ನು ನೋಡಿದಳು.

"ಅದು ಜೈನರ ಮನೆ. ಮೀನು ಮುಟ್ಟದವರು. ಬುಟ್ಟಿ ಹೊತ್ತು ಹೋಗುವಾಗಲೂ ನಾನು ಆ ಮನೆಯ ಎದುರು ರಸ್ತೆಯ ಆಚೆ ಬದಿಯಲ್ಲಿ ನಡೆದವಳು, ವಾಸನೆ ಹೋಗಬಾರದು ಅಂತ. ಈ ಕೈಯಲ್ಲಿ ಅವರ ಬಾವಿ ನೀರು ಕೇಳಲಿಕ್ಕೆ ಆಗ್ತದಾ?"

"ಅವರು ಹಾಗೆ ಹೇಳಿದ್ದರಾ?"

"ಅವರು ಯಾಕೆ ಹೇಳಬೇಕು? ನಮಗೆ ಗೊತ್ತಿರಬೇಕು."

ಇಷ್ಟು ವರ್ಷ, ಯಾರೂ ಕೇಳದೆ, ಯಾರಿಗೂ ತಿಳಿಯದೆ, ಒಂದು ಮನೆಯ ಮರ್ಯಾದೆಗಾಗಿ ತಲೆಯ ಮೇಲಿನ ಭಾರದೊಂದಿಗೆ ರಸ್ತೆ ದಾಟಿದ್ದಳು ಈ ಹೆಂಗಸು. ಅದು ತಪ್ಪೋ ಸರಿಯೋ ಧೃತಿಗೆ ಹೇಳಲಾಗಲಿಲ್ಲ. ಆದರೆ ದಿನಾ ಜತೆಗೆ ಉಂಡು, ಜತೆಗೆ ಪಾತ್ರೆ ತೊಳೆದ ಅತ್ತೆ ಇವಳೇನಾ ಎಂದು ಬೆರಗಾಯಿತು.

ರಾತ್ರಿ ಊಟಕ್ಕೆ ಕೂತಾಗ ಸರಸಕ್ಕ ತಾನಾಗಿಯೇ ಮಗನಿಗೆ ಹೇಳಿದಳು. ಜಿತೇಂದ್ರ ಬೊಬ್ಬೆ ಹೊಡೆದ. ದಿನಾ ತಾನು ಬಿಸಿಲಿನಲ್ಲಿ ಸಾಯುವುದು, ವ್ಯಾನಿಗೆ ಬೈಯುವುದು, ಕಡೆಗೆ ನೋಡಿದರೆ ಹಾಳು ಮಾಡಿದವಳು ತಾಯಿಯೇ. ಬಂಗುಡೆ ಪುಳಿಮುಂಚಿ ಸಾರು ತಣ್ಣಗಾಯಿತು. ಕೊನೆಗೆ ಧೃತಿಯೇ, ರೋಗ ಸಿಕ್ಕಿತಲ್ಲ, ಇನ್ನು ಮದ್ದು ಮಾಡುವ, ಮಾತು ಕೊಟ್ಟದ್ದು ಏರು ಹತ್ತುವವರೆಗೆ ಎಂದಳು. ಮಣಿಪಾಲದ ಕೆಲಸ ತನಗೆ ಸಿಕ್ಕಿಯಾಗಿದೆ, ವ್ಯಾನು ಸರಿಯಾದರೂ ಓಡಿಸುವವರು ಯಾರು ಎಂದು ಅವನು ಕೇಳಿದ. ಧೃತಿ ಎದ್ದು ಹೋಗಿ ಬೀರು ತೆರೆದಳು.

ಬಿಚ್ಚಿದ ರೇಡಿಯೇಟರನ್ನು ಗೋಣಿಯಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಅವಳು ಬಸ್ಸಿನಲ್ಲಿ ಉಡುಪಿಗೆ ಹೋದಳು. ಅಲ್ಲಿ ರೇಡಿಯೇಟರ್ ಕೆಲಸದ ಡೆನ್ವರ್ ಅದರ ಮೇಲಿನ ತೊಟ್ಟಿ ಬಿಚ್ಚಿ ತೋರಿಸಿದ. ಸಾಲಾಗಿ ಇದ್ದ ತೆಳ್ಳನೆಯ ನಾಳಗಳ ಬಾಯಲ್ಲಿ ಉಪ್ಪು, ತುಕ್ಕು, ಹುರುಪೆ ಎಲ್ಲ ಸೇರಿ ಗಾರೆ ಹಾಕಿದಂತೆ ಕೂತಿತ್ತು. ಇದರಲ್ಲೂ ಇದು ಇಷ್ಟು ದಿನ ಓಡಿತಲ್ಲ, ನನಗೆ ಅದೇ ಆಶ್ಚರ್ಯ ಎಂದ ಅವನು. ಒಂದೊಂದೇ ನಾಳಕ್ಕೆ ಸರಿಗೆ ತೂರಿಸಿ ಶುಚಿ ಮಾಡಿದ ಮೇಲೆ ಆಕಾಶಕ್ಕೆ ಹಿಡಿದು ನೀರು ಹೊಯ್ದ. ಆ ಬದಿಯಿಂದ ಈ ಬದಿಗೆ ನೀರು ಜಾಲರಿಯಾಗಿ ಇಳಿಯಿತು. ಮನೆಯಲ್ಲಿ ಇಂಜಿನ್ನಿನೊಳಗಿನ ಕೊಳೆ ಹೋಗಿ ತಿಳಿನೀರು ಬರುವವರೆಗೆ ಸರಸಕ್ಕ ಬಾವಿಯಿಂದ ಸೇದಿ ಸೇದಿ ಕೊಟ್ಟಳು. ಯಾರು ಬೇಡವೆಂದರೂ ಕೊಡಪಾನ ಕೆಳಗಿಡಲಿಲ್ಲ.

ತಿಂಗಳ ಕೊನೆಯ ಹಿಂದಿನ ದಿನ ಏರಿನ ಪರೀಕ್ಷೆ ಎಂದಾಯಿತು. ಮರುದಿನ ಬೆಳಿಗ್ಗೆ ಬರಲು ಜಿತೇಂದ್ರ ಗುಜರಿಯವರಿಗೆ ಹೇಳಿಯೇ ಇಟ್ಟಿದ್ದ. ಧೃತಿ ಸ್ಟೇರಿಂಗ್ ಹಿಡಿದಳು, ಪಕ್ಕದಲ್ಲಿ ಸರಸಕ್ಕ, ಹಿಂದೆ ಪೆಟ್ಟಿಗೆಗಳ ನಡುವೆ ಮಗುಚಿದ ಬುಟ್ಟಿಯ ಮೇಲೆ ಜಿತೇಂದ್ರ. ಹೊಸದಾಗಿ ತುಂಬಿದ ನೀರಿನೊಳಗೆ ಗಾಳಿ ಸೇರಿರುತ್ತದೆ, ಅದು ಹೊರಬಂದಂತೆ ಮಟ್ಟ ಇಳಿಯುತ್ತದೆ, ಮುಳ್ಳು ಏರಿದರೆ ನಿಲ್ಲಿಸಿ ಆರಿಸಿ ಒಳ್ಳೆಯ ನೀರು ತುಂಬಿಸಿ, ಹೆದರಬೇಡಿ ಎಂದು ಅಂಗಾರಣ್ಣ ಹೊರಡುವಾಗ ಹೇಳಿದ್ದರು. ಹಾಗೆಯೇ ಆಯಿತು. ಮಣಿಪಾಲದಲ್ಲಿ ಒಮ್ಮೆ ನಿಲ್ಲಿಸಿದಾಗ ತಂದ ಕ್ಯಾನು ಖಾಲಿಯಾಯಿತು. ಹಿರಿಯಡ್ಕ ಕಳೆದು ಏರಿನ ನಡುವಿಗೆ ಬಂದಾಗ ಮುಳ್ಳು ಪುನಃ ಅಲುಗಿ ಮೇಲಕ್ಕೆ ಹೊರಟಿತು. ಧೃತಿ ಕೆಂಪು ಗೆರೆ ಮುಟ್ಟುವ ಮೊದಲೇ ಬದಿಗೆ ನಿಲ್ಲಿಸಿದಳು.

"ನಾನು ಹೇಳಿದ್ದಲ್ವಾ," ಎಂದ ಜಿತೇಂದ್ರ ಹಿಂದಿನಿಂದ.

ಹಬೆ ಬಂದಿರಲಿಲ್ಲ. ಇಂಜಿನ್ ಆರಿದ ಮೇಲೆ ಮುಚ್ಚಳ ತೆಗೆದು ನೋಡಿದರೆ ಬೇಕಾದದ್ದು ಒಂದು ಚೊಂಬಿನಷ್ಟು ನೀರು. ಹಿಂದೆ ಪೆಟ್ಟಿಗೆಯಲ್ಲಿ ಮಂಜುಗಡ್ಡೆಯ ನೀರು ತುಳುಕಾಡುತ್ತಿತ್ತು. ಸರಸಕ್ಕ ಅದರ ಕಡೆಗೆ ನೋಡಿದಳು. ಎದುರಿನ ಜೈನರ ಮನೆಯ ಕೆಂಪುಕಲ್ಲಿನ ಪಾಗಾರದ ಕಡೆಗೆ ನೋಡಿದಳು. ಆಮೇಲೆ ಖಾಲಿ ಕ್ಯಾನು ತೆಗೆದುಕೊಂಡು, ಸೆರಗಿಗೆ ಕೈಯನ್ನು ಒರೆಸಿ ಒರೆಸಿ, ರಸ್ತೆ ದಾಟಿ ಗೇಟಿನಿಂದ ಒಂದು ಮಾರು ದೂರದಲ್ಲಿ ನಿಂತಳು.

ಧೃತಿ ಹಿಂದೆಯೇ ಹೋದಳು. ಜಗಲಿಯಲ್ಲಿ ಪೇಪರ್ ಓದುತ್ತಿದ್ದ ವಯಸ್ಸಾದವರು ಕನ್ನಡಕ ತೆಗೆದು ಎದ್ದು ಬಂದರು. ಧರ್ಮಪಾಲ ಎಂದು ಗೇಟಿನ ಕಲ್ಲಿನಲ್ಲಿ ಹೆಸರು ಕೆತ್ತಿಸಿದ್ದರು.

"ಸ್ವಲ್ಪ ನೀರು ಬೇಕಿತ್ತು," ಎಂದಳು ಸರಸಕ್ಕ. ಅವಳ ಧ್ವನಿ ಕಾರ್ಕಳದ ಮನೆಗಳ ಎದುರು ಮೀನು ಕೂಗುವ ಧ್ವನಿಯೇ ಆಗಿರಲಿಲ್ಲ. "ವ್ಯಾನಿಗೆ. ನನ್ನ ಕೈ ಮೀನಿನದ್ದು. ನೀವೇ ಮೇಲಿಂದ ಹೊಯ್ದರೆ ಸಾಕು."

ಅವರು ಅವಳನ್ನೂ ವ್ಯಾನನ್ನೂ ನೋಡಿದರು.

"ಮಳೆ ಬಿಟ್ಟಲ್ಲಿಂದ ನೋಡುತ್ತಿದ್ದೇನೆ," ಎಂದರು. "ದಿನಾ ಇಲ್ಲಿ ನಿಲ್ಲಿಸುತ್ತೀರಿ, ದಿನಾ ಹೊಗೆ ಬರುತ್ತದೆ. ನೀರು ಕೇಳಲಿಕ್ಕೆ ಬರುವುದಿಲ್ಲ. ನಮ್ಮ ಮೇಲೆ ಎಂತ ಸಿಟ್ಟು ಅಂತ ನನ್ನ ಹೆಂಡತಿ ಕೇಳುತ್ತಿದ್ದಳು."

ಧರ್ಮಪಾಲರು ಅವಳ ಕೈಯಿಂದಲೇ ಕ್ಯಾನು ತೆಗೆದುಕೊಂಡರು. ಅದು ಸಣ್ಣದಾಯಿತು ಎಂದು ಒಳಗಿನಿಂದ ತಮ್ಮದೊಂದು ದೊಡ್ಡ ಕ್ಯಾನನ್ನೂ ತಂದು, ಎರಡನ್ನೂ ಗಿಡಗಳ ಹತ್ತಿರದ ನಲ್ಲಿಯಲ್ಲಿ ತುಂಬಿಸಿದರು. ಸೆಕೆಗೆ ಮುಖ ತೊಳೆದುಕೊಳ್ಳಿ ಎಂದು ನಲ್ಲಿಯನ್ನು ನಿಲ್ಲಿಸದೆ ಹಾಗೇ ಬಿಟ್ಟರು. ಸರಸಕ್ಕ ಗೇಟಿನ ಒಳಗೆ ಕಾಲಿಟ್ಟು, ಬಗ್ಗಿ, ಬೊಗಸೆ ತುಂಬ ನೀರು ಹಿಡಿದು ಮುಖಕ್ಕೆ ಹಾಕಿಕೊಂಡಳು. ತುಂಬ ಹೊತ್ತು ಹಾಕಿಕೊಂಡಳು. ಅವಳು ಅಳುತ್ತಿದ್ದಾಳೆಂದು ಧೃತಿಗೆ ಗೊತ್ತಾಯಿತು.

ದೊಡ್ಡ ಕ್ಯಾನು ದಾರಿಗೆ ಇರಲಿ, ನಾಳೆ ಹೋಗುವಾಗ ಕೊಟ್ಟರೆ ಆಯಿತು ಎಂದರು ಧರ್ಮಪಾಲರು.

ನೀರು ತುಂಬಿಸಿ ಹೊರಟರು. ಧೃತಿ ಎರಡನೆಯ ಗೇರಿನಲ್ಲಿ ಏರಿಗೆ ಹಾಕಿದಳು. ಮೂವರ ಕಣ್ಣೂ ಮುಳ್ಳಿನ ಮೇಲೆ. ಅದು ನಡುವಿಗೆ ಬಂತು, ಇನ್ನೊಂದಿಷ್ಟು ಏರುವಂತೆ ಮಾಡಿತು, ನಿಂತಿತು. ಏರಿನ ತಿರುವು ಬಂತು, ನಿಂತೇ ಇತ್ತು. ಸೀಟಿನ ಅಡಿಯಿಂದ ಬೆಚ್ಚಗಿನ ಕಾವು ಅವಳ ಮೈಗೆ ಬರುತ್ತಿತ್ತು. ಅಲ್ಲಿ ಧರ್ಮಪಾಲರ ಮನೆಯ ನೀರು ಬೆಂಕಿಯನ್ನು ಹೊತ್ತು ಮುಂದಕ್ಕೂ ಹಿಂದಕ್ಕೂ ಓಡಾಡುತ್ತಿದೆ ಎಂದು ನೆನೆದು ಅವಳಿಗೆ ಕೈ ಮುಗಿಯಬೇಕು ಅನ್ನಿಸಿತು. ಸ್ಟೇರಿಂಗ್ ಬಿಡುವಂತಿರಲಿಲ್ಲ. ತುದಿ ಹತ್ತಿದ ಮೇಲೆ ಚಹಾದ ಅಂಗಡಿಯ ಎದುರು ರಸ್ತೆ ಸಪಾಟಾಯಿತು. ಸರಸಕ್ಕ ಮಡಿಲಲ್ಲಿದ್ದ ದೊಡ್ಡ ಕ್ಯಾನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು.

ಹಿಂದೆ ಪೆಟ್ಟಿಗೆಗಳ ನಡುವಿನಿಂದ ಜಿತೇಂದ್ರ ಫೋನಿನಲ್ಲಿ ಮಾತಾಡುವುದು ಕೇಳಿಸಿತು. ಆ ಕಡೆಯಲ್ಲಿ ಪಡುಬಿದ್ರಿಯ ಗುಜರಿಯವರು.

"ಇಲ್ಲ ಮಾರಾಯ್ರೆ, ನಾಳೆ ಬರಬೇಡಿ," ಎಂದ ಅವನು. ಆಮೇಲೆ ಕಾರಣವನ್ನೂ ಹೇಳಿದ: "ನಾಳೆ ಅಮ್ಮನಿಗೆ ಒಂದು ಮನೆಗೆ ಕ್ಯಾನು ಕೊಡಲಿಕ್ಕೆ ಉಂಟು."